ನೀರು ಕುಡಿದು ಹೊರಟ ಪ್ರವಾಸ

ನನ್ನ ಗಂಡನಿಗೆ ಪ್ರವಾಸಕ್ಕಿಂತ ಪ್ರವಾಸದ ಯೋಜನೆಯ ಮೇಲೆ ಪ್ರೀತಿ ಹೆಚ್ಚು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಯಾವ ರೈಲು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಅಲ್ಲಿಂದ ಗಾಡಿ ಹಿಡಿದರೆ ಸೂರ್ಯ ಮುಳುಗುವುದರೊಳಗೆ ಎಷ್ಟು ಗುಡಿ ನೋಡಬಹುದು ಎಂದು ಕೂಡಿಸಿ ಕಳೆಯುತ್ತ ಕೂತರೆ ಅವರಿಗೆ ಊಟ ತಣ್ಣಗಾಗುವುದೂ ತಿಳಿಯುವುದಿಲ್ಲ. ಚಳಿ ಬಿತ್ತೆಂದರೆ ಈ ಹುಚ್ಚು ಇನ್ನೂ ಏರುತ್ತದೆ. ಬಿಸಿಲನಾಡು ವಿಜಯಪುರದವರಾದ ನಮಗೆ ಊರಾಚೆ ತಿರುಗಾಡಲು ದೇವರು ಕೊಟ್ಟದ್ದೇ ಆ ಎರಡು ಮೂರು ತಿಂಗಳು.

ನನ್ನ ಲೆಕ್ಕ ಬೇರೆ. ಯಾವ ಊರಿನ ಹೆಸರು ಹೇಳಿದರೂ ನನ್ನ ತಲೆಯೊಳಗೆ ಏಳುವುದು ಒಂದೇ ಪ್ರಶ್ನೆ: ಅಲ್ಲಿ ಹೆಂಗಸರು ಹೋಗಲು ಒಂದು ಜಾಗವಿದೆಯೇ? ಈ ಪ್ರಶ್ನೆಯನ್ನು ನಾನು ಬಾಯಿಬಿಟ್ಟು ಕೇಳಿದವಳಲ್ಲ. ನಮ್ಮ ಅವ್ವ ಕಲಿಸಿದ ಉಪಾಯವೊಂದಿತ್ತು. ಊರಿಗೆ ಹೊರಡುವ ದಿನ ಮುಂಜಾನೆಯೇ ಅವಳು ತಂಬಿಗೆ ಎತ್ತಿಡುತ್ತಿದ್ದಳು. "ಬಸ್ಸಿನ್ಯಾಗ ಹೋಗೂದೈತಿ, ನೀರ ಕುಡೀಬ್ಯಾಡ್ರಿ" ಅನ್ನುತ್ತಿದ್ದಳು. ಅಕ್ಕ, ನಾನು ಇಬ್ಬರೂ ಹಾಗೇ ಬೆಳೆದೆವು. ಮುಂದೆ ನಾನು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ, ಮದುವೆಯಾದೆ, ಅಥಣಿ ರಸ್ತೆಯ ಬಡಾವಣೆಯಲ್ಲಿ ಮನೆ ಕಟ್ಟಿಸಿದೆವು. ಪ್ರವಾಸದ ದಿನ ಒಣಬಾಯಿಯಲ್ಲಿ ಇರುವುದು ಮಾತ್ರ ತಪ್ಪಲಿಲ್ಲ. ನನಗೆ ಗೊತ್ತಿರುವ ಹೆಂಗಸರೆಲ್ಲರೂ ಹೀಗೇ, ಆದ್ದರಿಂದ ಇದೊಂದು ಕಷ್ಟ ಅಂತಲೂ ಅನ್ನಿಸಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅದಕ್ಕೆ ದಂಡ ತೆತ್ತೆ. ರೈಲಿನಲ್ಲಿ ಬಾದಾಮಿಗೆ ಹೋಗಿದ್ದೆವು. ಮುಂಜಾನೆಯಿಂದ ಸಂಜೆಯವರೆಗೆ ಗುಹೆ, ಗುಡಿ, ಮೆಟ್ಟಿಲು, ಬಿಸಿಲು, ಹನಿ ನೀರಿಲ್ಲ. ಮನೆಗೆ ಬಂದ ಮರುದಿನ ನಡುಕ ಹುಟ್ಟಿ ಜ್ವರ ಬಂತು, ಸೊಂಟದಲ್ಲಿ ಕೊಡಲಿ ಹಾಕಿದಂಥ ನೋವು. ಮೂತ್ರಪಿಂಡಕ್ಕೆ ಸೋಂಕು ತಗುಲಿದೆ ಎಂದು ಆಸ್ಪತ್ರೆಗೆ ಸೇರಿಸಿದರು. ಡಾಕ್ಟರಮ್ಮ ಸಿಟ್ಟಿನ ಹೆಂಗಸು. "ಇನ್ನೊಮ್ಮೆ ಹೀಗೆ ಮಾಡಿಕೊಂಡು ಬಂದರೆ ಕಿಡ್ನಿಗೇ ಧಕ್ಕೆ. ನೀರು ಕುಡಿಯುವುದಕ್ಕೆ ಆಗುವುದಿಲ್ಲ ಅಂದರೆ ತಿರುಗಾಡೋದು ಬಿಡಿ" ಅಂದರು. ನನಗೆ ಎರಡನೆಯದೇ ಸುಲಭವೆನ್ನಿಸಿತು. ಬಿಟ್ಟೇಬಿಟ್ಟೆ. ಒಂದು ವರ್ಷ ಮದುವೆಗೂ ಹೋಗಲಿಲ್ಲ. ಕರೆದವರಿಗೆಲ್ಲ ಆಫೀಸಿನ ಆಡಿಟ್ ಇದೆ, ಮೊಣಕಾಲು ನೋವು ಎಂದು ಹೇಳುತ್ತ ಬಂದೆ. ಸುಳ್ಳು ಹೇಳುವುದರಲ್ಲಿ ಕೈ ಪಳಗಿತು.

ಆಗ ಮೈಸೂರಿನಿಂದ ಅಕ್ಕನ ಫೋನು ಬಂತು. "ಟಿಕೀಟ ಆಗೇತಿ. ಗೋಳಗುಮ್ಮಟ ನೋಡಬೇಕು, ಮಮದಾಪುರದ ಕೆರಿ ನೋಡಬೇಕು. ಸಾಲ್ಯಾಗಿದ್ದಾಗ ನೋಡಿದ್ದು, ಮತ್ತ ನೋಡೇ ಇಲ್ಲ."

"ನೀ ಬಾ. ಇವರು ಕರಕೊಂಡ ಹೋಗ್ತಾರ," ಅಂದೆ.

"ನೀ ಬರಲಿಲ್ಲಂದ್ರ ನಾನೂ ನಿಮ್ಮನ್ಯಾಗ ಕುಂತು ಟಿ.ವಿ. ನೋಡಿ ಹೊಳ್ಳಿ ಹೋಗ್ತೇನಿ," ಅಂದಳು. ಅಕ್ಕನ ಹಠ ನನಗೆ ಗೊತ್ತು. ಹೇಳಿದಂತೆ ಮಾಡುವವಳೇ.

ಗಂಡನಿಗೆ ಹಬ್ಬವಾಯಿತು. ಸಂಜೆಯೊಳಗೆ ಯೋಜನೆ ಸಿದ್ಧ. ಎರಡು ದಿನದಲ್ಲಿ ಊರಿನ ಸ್ಮಾರಕಗಳೆಲ್ಲ, ಆಲಮಟ್ಟಿ, ಕೂಡಲಸಂಗಮ, ಆಮೇಲೆ ಟಿಕೋಟ, ಬಬಲೇಶ್ವರ, ಮಮದಾಪುರ. "ಇದು ಪ್ರವಾಸಾನೋ, ಓಟದ ಸ್ಪರ್ಧಾನೋ?" ಅಂದೆ. ಅವರು ಮುಖ ಸಣ್ಣಗೆ ಮಾಡಿಕೊಂಡು, "ಮತ್ತ ಹೆಂಗ ಮಾಡೂಣು ಹೇಳು," ಅಂದರು. ನನಗೆ ರೇಗಿತು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಜಾಗದ ಚಿಂತೆಗೇ ನಾನು ನೀರು ಕುಡಿಯುವುದಿಲ್ಲ, ಅದರಿಂದಲೇ ಆಸ್ಪತ್ರೆಗೆ ಬಿದ್ದದ್ದು, ಈಗ ಹೊರಗೆ ಹೊರಡಲು ಅಂಜಿಕೆ, ಎಲ್ಲ.

ಅವರು ಪಿಳಿಪಿಳಿ ನೋಡಿದರು. "ನಿನಗ ನೀರ ಕುಡಿಯೂದು ಮರ್ತು ಹೋಗ್ತೈತಿ ಅಂತ ತಿಳ್ಕೊಂಡಿದ್ದೆ."

"ನೀರಡಿಕಿ ಯಾರಿಗರೆ ಮರೀತೈತೇನ್ರಿ?"

"ಇಲ್ಲ... ಹೆಣ್ಮಕ್ಕಳಿಗೆ ನೀರಡಿಕಿ ಕಡಿಮಿ ಇರ್ತೈತೇನೋ ಅಂತ..."

ಗಣಿತದ ಮಾಸ್ತರರ ಈ ಸಿದ್ಧಾಂತಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ. ಅವರು ನಗಲಿಲ್ಲ.

ಮರುದಿನ ಸ್ಕೂಟರ್ ಹತ್ತಿ ಎಲ್ಲಿಗೋ ಹೋದವರು ಮಧ್ಯಾಹ್ನ ಹುಬ್ಬಿನವರೆಗೂ ಧೂಳು ಹತ್ತಿಸಿಕೊಂಡು ಬಂದರು. ಟಿಕೋಟದ ದಾರಿಯ ಪೆಟ್ರೋಲ್ ಪಂಪುಗಳ, ಖಾನಾವಳಿಗಳ ಸಂಡಾಸಗಳನ್ನೆಲ್ಲ ಒಳಹೊಕ್ಕು ನೋಡಿ ಬಂದಿದ್ದರು. "ಇಟ್ಟಂಗಿಹಾಳ ದಾಟಿದ ಮ್ಯಾಲ ಒಂದ ಪಂಪ್ ಐತಿ. ಬಾಗಲಾ ಐತಿ, ಚಿಲಕಾ ಐತಿ, ನಳದಾಗ ನೀರೂ ಐತಿ. ಬಲ್ಬ್ ಒಂದಿಲ್ಲ," ಎಂದು ವರದಿ ಒಪ್ಪಿಸಿದರು. ಹೆಂಗಸರ ಸಂಡಾಸದ ಚಿಲಕ ಎಳೆದೆಳೆದು ನೋಡುತ್ತಿದ್ದ ಗಂಡಸನ್ನು ಪಂಪಿನವರು ಅನುಮಾನದಿಂದ ವಿಚಾರಿಸಿದರಂತೆ. "ಏನ ಹೇಳಿದ್ರಿ?" ಅಂದೆ. "ಹೆಂಡತಿ ಕರಕೊಂಡ ಬರ್ತೇನಿ ಅಂದೆ," ಅಂದರು. ಆ ಹೊತ್ತಿಗೆ ನನಗೆ ಆ ಮನುಷ್ಯನ ಮೇಲೆ ಉಕ್ಕಿದ ಪ್ರೀತಿ ನಮ್ಮ ಮದುವೆಯ ವರ್ಷದಲ್ಲೂ ಉಕ್ಕಿರಲಿಲ್ಲ.

ಹೊಸ ಯೋಜನೆ ಮನುಷ್ಯರು ಮಾಡುವಂಥದ್ದಾಗಿತ್ತು. ಮೊದಲ ದಿನ ಊರೊಳಗೆ ಎರಡೇ ಜಾಗ, ನಡುವೆ ಮನೆಗೆ ಬಂದು ಊಟ. ಎರಡನೇ ದಿನ ಟಿಕೋಟ, ಬಬಲೇಶ್ವರದ ಮೇಲೆ ಹಾಯ್ದು ಮಮದಾಪುರದ ಕೆರೆ, ಸಂಜೆ ವಾಪಸ್. ಬಾಡಿಗೆ ಕಾರು, ಆದರೆ ಡ್ರೈವರ್ ಬೇಡ. ಪರಗಂಡಸಿಗೆ ಗಾಡಿ ನಿಲ್ಲಿಸು ಅನ್ನುವ ಸಂಕಟಕ್ಕಿಂತ ಗಂಡನ ಎತ್ತಿನ ಗಾಡಿಯಂಥ ಡ್ರೈವಿಂಗೇ ವಾಸಿ ಎಂದೆ.

ಒಂದೇ ಒಂದು ಕಟ್ಟಳೆ ಅವರದು: "ಟಿಕೋಟದಾಗ ಯಾರಿಗೂ ಸುದ್ದಿ ಕೊಡಬ್ಯಾಡ." ಟಿಕೋಟದಲ್ಲಿ ಅವರ ಕಾಕಾನ ಮಗನ ಮನೆ ಇದೆ. ಅವನ ಹೆಂಡತಿ ಸಂಬಂಧದಲ್ಲಿ ನನಗೆ ನೆಗೆಣ್ಣಿ. ನಮ್ಮ ಕಡೆ ನೆಂಟರ ಊರಿನ ಮೇಲೆ ಹಾಯ್ದು ಹೋಗಿ ಮನೆಗೆ ಹೋಗದಿದ್ದರೆ ಅದು ಮರೆಯುವ ತಪ್ಪಲ್ಲ, ಯಾವುದೋ ಮದುವೆಯ ಪಂಕ್ತಿಯಲ್ಲಿ ಎಲ್ಲರ ಮುಂದೆ ಎತ್ತಿ ಆಡುತ್ತಾರೆ. ಹೋದರೆ ಇನ್ನೂ ಕಷ್ಟ. ಚಹಾ ಅಂತ ಸುರುವಾಗಿ ಅವಲಕ್ಕಿಗೆ ಬರುತ್ತದೆ, ಅವಲಕ್ಕಿಯಿಂದ ರೊಟ್ಟಿಗೆ, ಹೊರಡುವಾಗ ಕುಂಕುಮ, ಕುಬಸದ ಕಣ, ಒಂದು ಚೀಲ ಶೇಂಗಾ. ಅರ್ಧ ದಿನ ಹೋದಂತೆಯೇ. ಹಾಗಾಗಿ ಕಾರಿನ ಗಾಜು ಏರಿಸಿಕೊಂಡು ಕಳ್ಳರ ಹಾಗೆ ಟಿಕೋಟ ದಾಟುವುದೆಂದು ನಿಶ್ಚಯವಾಯಿತು.

ಅಕ್ಕನ ರೈಲು ಎಂದಿನಂತೆ ತಡವಾಗಿ ಬಂತು. ಸ್ಟೇಷನ್ನಿನ ಥಂಡಿಯಲ್ಲಿ ಶಾಲು ಹೊದ್ದು ಕಾಯುತ್ತಿದ್ದ ನನಗೆ, ಅವಳು ಇಳಿದವಳೇ ಕೇಳಿದ ಮೊದಲ ಮಾತು, "ಮನಿ ಎಷ್ಟ ದೂರ ಐತಿ? ರಾತ್ರಿಯಿಂದ ನೀರ ಕುಡದಿಲ್ಲ ನಾ." ನನ್ನ ಮುಖ ನೋಡಿ ಅವಳೂ ನಕ್ಕಳು. ಅವ್ವನ ಪಾಠ ಇಬ್ಬರಿಗೂ ಬಾಯಿಪಾಠವಾಗಿತ್ತು.

ಆ ದಿನ ಸುಸೂತ್ರವಾಗಿ ಕಳೆಯಿತು. ಗೋಳಗುಮ್ಮಟ ಹತ್ತಿದೆವು, ಏದುಸಿರು ಬಿಟ್ಟೆವು, ಅಕ್ಕ ಗೋಡೆಗೆ ಬಾಯಿ ಹಚ್ಚಿ ನನ್ನನ್ನು ಚಿಕ್ಕಂದಿನ ಅಡ್ಡಹೆಸರಿನಿಂದ ಕರೆದಳು. ಗುಮ್ಮಟ ಅದನ್ನು ಊರಿಗೆಲ್ಲ ಸಾರಿತು. ಮನೆ ಹತ್ತಿರವಿದೆ ಎಂಬ ಧೈರ್ಯಕ್ಕೆ ನೀರೂ ಕುಡಿದೆ. ನಿಜವಾದ ಪರೀಕ್ಷೆ ಮರುದಿನದ್ದು. ರಾತ್ರಿ ಮಲಗಿದಾಗ ಒಂದೇ ಯೋಚನೆ: ನಾಳೆ ಆಯಿತೋ, ಇನ್ನು ಮುಂದೆಯೂ ಹೊರಗೆ ಹೋಗುತ್ತೇನೆ. ಆಗಲಿಲ್ಲವೋ, ಈ ಮನೆಯ ಗೇಟೇ ನನ್ನ ಗಡಿ.

ಮರುದಿನ ಡಾಕ್ಟರಮ್ಮನ ಮಾತಿನಂತೆ ಮುಂಜಾನೆಯೇ ತಂಬಿಗೆ ತುಂಬ ನೀರು ಕುಡಿದೆ, ಮೇಲೆ ಚಹಾ, ಕಾರಿನಲ್ಲಿ ಮತ್ತೆ ಅರ್ಧ ಬಾಟಲಿ. ಪೆಟ್ರೋಲ್ ಪಂಪ್ ಇದೆಯಲ್ಲ! ಬಡಾವಣೆಗಳು ಮುಗಿದು ಹೊಲ ಸುರುವಾದವು. ಜೋಳ ಎದೆಯುದ್ದ ನಿಂತಿತ್ತು, ಕಡಲೆ ಗಿಡದ ಮೇಲೆ ಇಬ್ಬನಿ. ಅಕ್ಕ ಕಿಟಕಿಗೆ ಅಂಟಿಕೊಂಡು ಕೂತಿದ್ದಳು. ಇಟ್ಟಂಗಿಹಾಳ ಬರುವ ಹೊತ್ತಿಗೆ ಚಳಿ ತನ್ನ ಕೆಲಸ ಮಾಡಿತ್ತು. ನಾನು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ.

ಪಂಪ್ ಬಂತು. ಗಂಡ ವಿಜಯದ ನಗೆ ನಕ್ಕು ಗಾಡಿ ನಿಲ್ಲಿಸಿದರು. ನಾನು ಓಡದ ಹಾಗೆ ಓಡಿದೆ. ಬಾಗಿಲಿಗೆ ಕೀಲಿ ಜಡಿದಿತ್ತು.

"ಕೀಲಿಕೈ ಮ್ಯಾನೇಜರ್ ಕಡೆ ಐತ್ರಿ," ಅಂದ ಪೆಟ್ರೋಲ್ ಹಾಕುವವ. "ಅವ್ರು ಮದವಿಗಿ ಹೋಗ್ಯಾರ."

"ಮೊನ್ನಿ ತೆರದಿತ್ತಲ್ಲೋ!" ಗಂಡ ಕೂಗಿದರು.

"ಮೊನ್ನಿ ಮದವಿ ಇರಲಿಲ್ಲಲ್ರಿ."

ಅಕ್ಕ ಹತ್ತಿರ ಬಂದು, "ಆ ಜ್ವಾಳದ ಹೊಲದಾಗ ಹೋಗ್ತಿಯೇನ? ನಾ ಅಡ್ಡ ನಿಂದರ್ತೇನಿ," ಅಂದಳು. ನೋಡಿದೆ. ಹೊಲದ ನಡುವೆ ಅಟ್ಟದ ಮೇಲೆ ನಿಂತು ಒಬ್ಬ ಹಕ್ಕಿ ಓಡಿಸುತ್ತಿದ್ದ. ಅಷ್ಟು ಎತ್ತರದಿಂದ ಅವನಿಗೆ ಕಾಣದ ಜಾಗ ಆ ಹೊಲದಲ್ಲಿ ಒಂದೂ ಇರಲಿಲ್ಲ. ಕಾರಿಗೆ ಹೋಗಿ ಕೂತು ಗಂಡನಿಗೆ ಬಾಯಿಗೆ ಬಂದಂತೆ ಬೈದೆ. ಇದಕ್ಕೇ ನಾನು ನೀರು ಕುಡಿಯುವುದಿಲ್ಲ, ಇದಕ್ಕೇ ಮನೆ ಬಿಟ್ಟು ಹೊರಡುವುದಿಲ್ಲ, ಇನ್ನು ಮುಂದೆ ಪ್ರವಾಸ ಅಂದರೆ ನೋಡಿ ಅಂದೆ. ಅವರು ಗಾಡಿ ಹೊರಡಿಸಿದರು. ಜೀವನದಲ್ಲಿ ಮೊದಲ ಸಲ ಜೋರಾಗಿ ಓಡಿಸಿದರು, ಪ್ರತಿ ಗುಂಡಿಗೂ ನಾನು ಕಣ್ಣು ಮುಚ್ಚಿದೆ.

ಟಿಕೋಟದ ಮನೆಗಳು ಕಂಡವು. "ನಿಮ್ಮ ಕಾಕಾನ ಮಗನ ಮನಿಗಿ ತಿರುವ್ರಿ," ಅಂದೆ.

"ಅಲ್ಲಿ ಹೋದ್ರ ಮತ್ತ ಮಧ್ಯಾಹ್ನ..."

"ತಿರುವ್ರಿ ಅಂದ್ರ ತಿರುವ್ರಿ!"

ನೆಗೆಣ್ಣಿ ಅಂಗಳದಲ್ಲಿ ಶೇಂಗಾ ಹರವುತ್ತಿದ್ದಳು. ಕಾರಿನಿಂದ ಇಳಿದವರು ಯಾರೆಂದು ಕಂಡದ್ದೇ ತಡ, "ಯಪ್ಪಾ, ಯಾರ ಬಂದಾರ ನೋಡ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ನಾನು ಹೇಗೆ ಕೇಳುವುದು? ಯಾವಾಗಲೋ ಒಮ್ಮೆ ಬಂದವಳು ಬಾಗಿಲಲ್ಲೇ ನಿಂತು ಸಂಡಾಸ ಎಲ್ಲಿದೆ ಎಂದು ಕೇಳುವುದೇ? ನಾಲಿಗೆ ಏಳಲಿಲ್ಲ. ಏಳಬೇಕಾಗಿಯೂ ಬರಲಿಲ್ಲ.

"ಬರ್ರಿ, ಬರ್ರಿ. ಮದಲ ಕೈಕಾಲ ತೊಕ್ಕೊರ್ರಿ," ಅನ್ನುತ್ತ ಅವಳು ನನ್ನ ಕೈಹಿಡಿದು ನೇರ ಹಿತ್ತಲಿಗೆ ಕರೆದುಕೊಂಡು ಹೋದಳು. ಬಚ್ಚಲ ಪಕ್ಕದಲ್ಲೇ ನೀಲಿ ಬಾಗಿಲಿನ ಸಣ್ಣ ಕೋಣೆ, ತುಂಬಿದ ಬಕೆಟ್, ಒಳಗೆ ಬಲ್ಬು ಕೂಡ. ಬಾಗಿಲು ತೋರಿಸಿ ಅವಳು ಹಿಂದಿರುಗಿ ನೋಡದೆ ಹೋಗಿಬಿಟ್ಟಳು.

ಬಂದವರಿಗೆ ಮೊದಲು ಕೈಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಎಲ್ಲ ಮನೆಯ ರೂಢಿ. ಹುಟ್ಟಿದಾಗಿನಿಂದ ಆ ಮಾತು ಕೇಳಿದ್ದೇನೆ, ನಾನೂ ಆಡಿದ್ದೇನೆ. ಧೂಳು ತೊಳೆಯುವುದಕ್ಕೆ ಅಂತಲೇ ತಿಳಿದಿದ್ದೆ. ಕೇಳಲು ನಾಚುವ ಹೆಂಗಸಿಗೆ ಕೇಳದೆಯೇ ದಾರಿ ತೋರಿಸುವ ಮಾತು ಅದು ಎಂದು ಆ ನೀಲಿ ಬಾಗಿಲಿನ ಹಿಂದೆ ತಿಳಿಯಿತು. ಹೊರಗೆ ಬಂದು ಮುಖ ತೊಳೆದುಕೊಳ್ಳುವಾಗ ಕಣ್ಣಲ್ಲಿ ನೀರು ಬಂತು. ಅಷ್ಟು ಹಗುರಾಗಿದ್ದೆ, ಮೈಯೂ ಮನಸ್ಸೂ.

ಒಳಗೆ ನೆಗೆಣ್ಣಿ ಬೆಲ್ಲ, ನೀರು ತಂದಿಟ್ಟಳು. "ಹಾದಿಮ್ಯಾಲ ಹೊಂಟವರು ನಮ್ಮ ನೆನಪ ಮಾಡಿ ಬಂದ್ರಿ. ನನಗ ಅಷ್ಟ ಸಾಕು ನೋಡ್ರಿ," ಅಂದಳು. ಅವಳ ಮುಖ ಅರಳಿತ್ತು. ನಾನು ಬೆಲ್ಲದ ಚೂರನ್ನು ಕೈಯಲ್ಲೇ ಹಿಡಿದು ಕೂತೆ. ನೆನಪು ಮಾಡಿ ಬಂದವಳಲ್ಲ ನಾನು, ಗಾಜು ಏರಿಸಿಕೊಂಡು ತಪ್ಪಿಸಿಕೊಳ್ಳಲು ಹೊರಟವಳು. ಸಂಜೆ ಊಟಕ್ಕೆ ಬಂದೇ ಬರುತ್ತೇವೆಂದು ಮಾತು ಕೊಟ್ಟ ಮೇಲೆಯೇ ಅವಳು ನಮ್ಮನ್ನು ಬಿಟ್ಟದ್ದು.

ಬಬಲೇಶ್ವರದಲ್ಲಿ ಇನ್ನೊಂದು ಕಾದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ, ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡ ಹುಡುಗಿಯೊಬ್ಬಳು ರಸ್ತೆಗೇ ಬಂದು ಕೈ ಅಡ್ಡ ಮಾಡಿ ಕಾರು ನಿಲ್ಲಿಸಿದಳು. ನೆಗೆಣ್ಣಿಯ ಮಗಳು! ಅವಳನ್ನು ಅದೇ ಊರಿಗೆ ಕೊಟ್ಟಿದ್ದರು. "ಅವ್ವ ಫೋನ್ ಮಾಡಿದ್ಳ್ರಿ. ನಮ್ಮನಿಗಿ ಬರದ ಹೆಂಗ ಹೋಗ್ತೀರಿ?" ಅಂದಳು. ಬಾಗಿಲು ದಾಟುತ್ತಿದ್ದಂತೆ ಅದೇ ಮಾತು, ಹಿತ್ತಲಿಗೆ ಅದೇ ದಾರಿ. ಈ ಸಲ ಅಕ್ಕನೂ ನನ್ನ ಹಿಂದೆ ಬಂದಳು. ಗಂಡ ಗಡಿಯಾರ ನೋಡಲು ಕೈ ಎತ್ತಿದವರು ನನ್ನ ಮುಖ ನೋಡಿ ಕೈ ಇಳಿಸಿದರು. "ಇನ್ನೊಂದೀಟ ನೀರ ಕುಡಿ," ಅಂದರು ಮೆಲ್ಲಗೆ.

ಮಮದಾಪುರ ಮುಟ್ಟುವಾಗ ಬಿಸಿಲು ಇಳಿಮುಖವಾಗಿತ್ತು. ಕೆರೆ ತುಂಬಿತ್ತು, ದೂರದ ನೀರಿನಲ್ಲಿ ಹಕ್ಕಿಗಳು ಕಪ್ಪು ಚುಕ್ಕಿಗಳಂತೆ ತೇಲುತ್ತಿದ್ದವು. ಏರಿಯ ಮೇಲೆ ಕೂತೆವು. ಅಕ್ಕ, ಅದೇ ಕೆರೆ, ಆದರೆ ಆಗ ಇನ್ನೂ ದೊಡ್ಡದಿತ್ತು ಅಂದಳು. ನಾನು ಬಾಟಲಿ ಎತ್ತಿ ಗಟಗಟ ಕುಡಿದೆ. ಮುಂದಿನ ನಿಲುಗಡೆ ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ. ಊರ ಹೊರಗೆ ಬಂದು ಹೊಟ್ಟೆ ತುಂಬ ನೀರು ಕುಡಿದು, ಎದುರಿಗಿದ್ದದ್ದನ್ನು ನೆಮ್ಮದಿಯಿಂದ ನೋಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಎಷ್ಟೊಂದು ಊರುಗಳನ್ನು ನಾನು ಬರೀ ಒಣಬಾಯಿಯಲ್ಲಿ ಅವಸರಪಟ್ಟು ನೋಡಿದ್ದೆ!

ಟಿಕೋಟಕ್ಕೆ ಹೊಳ್ಳಿ ಬಂದಾಗ ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ಕೇಳುತ್ತಿತ್ತು. ನಾನು ಒಲೆಯ ಪಕ್ಕ ಕೂತೆ. ನೆಗೆಣ್ಣಿ ಮತ್ತೆ ಅದೇ ಮಾತು ಎತ್ತಿದಳು, ನೆನಪು ಮಾಡಿ ಬಂದಿರಿ ಅಂತ. ನನಗೆ ತಡೆಯಲಾಗಲಿಲ್ಲ.

"ನೆನಪ ಮಾಡಿ ಬರಲಿಲ್ಲ ನಾ. ಮುಂಜಾನಿ ತಡಕೊಳ್ಳಾಕ ಆಗಲಾರದಂಗ ಆಗಿತ್ತು. ಪಂಪಿನ್ಯಾಗ ಕೀಲಿ ಹಾಕಿದ್ರು. ಅದಕ್ಕ ಇಲ್ಲಿಗೆ ತಿರುವ್ರಿ ಅಂದೆ."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಅಂದ್ರ... ಬರೇ ಅಷ್ಟಕ್ಕ ಬಂದ್ರ್ಯಾ?"

"ಹೌದು. ಅಷ್ಟಕ್ಕ."

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಈಗ ಇವಳಿಗೆ ಎಷ್ಟು ನೋವಾಯಿತೋ ಎಂದು ನಾನು ತಲೆ ತಗ್ಗಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ಆಮೇಲೆ ನಗು ನಿಲ್ಲಿಸಿ ಅಂದಳು: "ನಾ ನಿಮ್ಮೂರ ಗಾಂಧಿ ಚೌಕಕ್ಕ ಸಂತಿಗಿ ಬರೂ ದಿನ ಒಂದ ಹನಿ ನೀರ ಮುಟ್ಟಂಗಿಲ್ಲ ನೋಡ್ರಿ. ಮಗಳ ಸೀಮಂತದ ಸೀರಿ ತರಾಕ ಬಂದಾಗ ಅಂಗಡ್ಯಾಗ ಚಕ್ಕರ ಬಂದು ಬಿದ್ದಿದ್ದೆ. ಅಂಗಡಿಯವರು ಸೋಡಾ ಕೊಟ್ರು. ಅದನ್ನೂ ಕುಡೀಲಿಲ್ಲ."

"ಯಾಕ? ನಮ್ಮನಿ ಅಲ್ಲೇ ಐತಲ್ಲ! ಆಟೋ ಹಿಡದ್ರ ಎಷ್ಟೊತ್ತು?"

"ಅಷ್ಟಕ್ಕ ಹೆಂಗ ಬರೂದ್ರಿ? ಬಂದ್ರ ನೀವ ಚಹಾ ಇಡ್ತೀರಿ, ಊಟಕ್ಕ ಕುಂದರಸ್ತೀರಿ. ನಿಮಗ ಆಫೀಸ ಕೆಲಸ. ಬರೇ ಅಷ್ಟಕ್ಕಂತ ಒಬ್ಬರ ಮನಿಗಿ ಹೋಗ್ತಾರೇನ?"

"ನಾ ಬಂದೇನಲ್ಲ," ಅಂದೆ.

ಅವಳು ನನ್ನನ್ನು ನೋಡಿದಳು. ಸೀದುಹೋದ ರೊಟ್ಟಿ ತೆಗೆದು ಬದಿಗಿಟ್ಟು, ಇನ್ನೊಂದು ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡಳು.

ಮರುದಿನ ಮುಂಜಾನೆ ಗಂಡ ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ, ಅದರ ಮರುದಿನವೂ ಇರಲಿಲ್ಲ. ಅಕ್ಕನನ್ನು ರೈಲಿಗೆ ಹತ್ತಿಸುವಾಗ ಅವಳ ಕೈಗೆ ನೀರಿನ ಬಾಟಲಿ ಕೊಟ್ಟು, ಗಾಡಿ ಬಿಡುವ ಮುಂಚೆ ಅರ್ಧ ಕುಡಿಸಿಯೇ ಇಳಿದೆ. ಮುಂದಿನ ಚಳಿಗಾಲಕ್ಕೆ ಎಲ್ಲಿಗೆ ಎಂದು ಗಂಡ ಆಗಲೇ ಕೂಡಿಸಿ ಕಳೆಯತೊಡಗಿದ್ದಾರೆ. ನಾನೂ ಪಕ್ಕದಲ್ಲಿ ಕೂತು ಆ ದಾರಿಯಲ್ಲಿ ಯಾರ್ಯಾರ ಮನೆಗಳಿವೆ ಎಂದು ನೆನಪಿಸಿಕೊಡುತ್ತೇನೆ.

ಸಂಕ್ರಾಂತಿ ಹತ್ತಿರವಿದ್ದ ಒಂದು ರವಿವಾರ ಮಧ್ಯಾಹ್ನ ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಗಾಂಧಿ ಚೌಕದ ಅಂಗಡಿಗಳ ಕೈಚೀಲಗಳನ್ನು ಸೀಟಿನಲ್ಲೇ ಬಿಟ್ಟು ನೆಗೆಣ್ಣಿ ಲಗುಬಗೆಯಿಂದ ಇಳಿದಳು. ನನ್ನ ಮುಖ ನೋಡಿದಳು, ನಾನು ದಾರಿ ಬಿಟ್ಟು ಸರಿದೆ. ಹಿತ್ತಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದವಳಿಗೆ, "ಚಹಾ?" ಅಂದೆ. "ಒಲ್ಲೆ, ಆಟೋ ನಿಂತೈತಿ," ಅಂದಳು. ಬಂದ ನೆಂಟರನ್ನು ಚಹಾ ಇಲ್ಲದೆ ಕಳಿಸಿದರೆ ನಮ್ಮಲ್ಲಿ ಆಜನ್ಮ ಮಾತು ಬರುತ್ತದೆ. ಆದರೂ ನಾನು ಬಲವಂತ ಮಾಡಲಿಲ್ಲ. ಆಟೋದವನು ಹಾರ್ನ್ ಬಾರಿಸುತ್ತಿದ್ದ. ಅವಳು ಬಾಗಿಲಲ್ಲಿ ತಡೆದು ನಿಂತು, "ನೀರ ಕೊಡ್ರಿ ಒಂದ ತಂಬಿಗಿ," ಅಂದಳು. ಇನ್ನು ಟಿಕೋಟದ ಬಸ್ಸು ಹತ್ತಬೇಕಾದವಳು ನಿಂತಲ್ಲೇ ಅದನ್ನು ಪೂರ್ತಿ ಕುಡಿದು, ಖಾಲಿ ತಂಬಿಗೆ ನನ್ನ ಕೈಗೆ ಕೊಟ್ಟು ಹೋದಳು.